ಯೂರಿನ್ ರಿಪೋರ್ಟ್ ನಾರ್ಮಲ್ ಬಂದ್ರ ಸ್ಕ್ಯಾನ್ ಬಿಡಬಹುದಾ?

ಅಕ್ಕಾರ, ಅಪ್ಪಾರಿಗೆ ಎರಡ ಸಲ ಮೂತ್ರ ಕೆಂಪಗ ಬಂದಿತ್ತು, ಗದಗದಾಗ ಯೂರಿನ್ ಟೆಸ್ಟ್ ನಾರ್ಮಲ್ ಬಂತು, ಇನ್ನ ಸ್ಕ್ಯಾನ್ ಬೇಕಾ ಅಂತ ಕೇಳೀರಿ. ಬೇಕ್ರೀ! ಆ ಟೆಸ್ಟ್ ನೋಡೋದು ರಕ್ತ, ಕೀವು, ಸಕ್ಕರಿ, ಪ್ರೋಟೀನ್ ಇಂಥಾವು. ಕಿಡ್ನ್ಯಾಗ ಕ್ಯಾನ್ಸರ್ ಗಡ್ಡಿ ಇದ್ರ ಅದು ಆ ಟೆಸ್ಟಿಗೆ ಕಾಣಂಗಿಲ್ಲ. ರಕ್ತಾನೂ ಒಮ್ಮೆ ಕಂಡು ತಿಂಗಳಗಟ್ಟಲೆ ಮಾಯ ಆಗತೈತಿ. ನಮ್ಮ ಕಾಕಾ ‘ಬಿಸಲಿಗೆ ಆಗಿರಬೇಕು’ ಅಂತ ಮಜ್ಜಿಗಿ ಕುಡಕೋತ ಆರು ತಿಂಗಳ ಕಳದ್ರು.

ಮೂತ್ರದಾಗಿನ ಅಕ್ವಾಪೊರಿನ್-1, ಪೆರಿಲಿಪಿನ್-2 ಅನ್ನೋ ಪ್ರೋಟೀನ್‌ಗಳಿಂದ ಕಿಡ್ನಿ ಕ್ಯಾನ್ಸರ್ ಸುಳಿವು ಸಿಗತೈತಿ ಅಂತ ನೀವು ಓದಿದ ಸುದ್ದಿ ಖರೇನ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2010ರಾಗ ತೋರಿಸಿದ್ದು: ಕ್ಲಿಯರ್ ಸೆಲ್, ಪ್ಯಾಪಿಲರಿ ನಮೂನಿ ಕಿಡ್ನಿ ಕ್ಯಾನ್ಸರ್ ಇದ್ದವರ ಮೂತ್ರದಾಗ ಈ ಎರಡು ಪ್ರೋಟೀನ್ ಏರಿರ್ತಾವ, ಗಡ್ಡಿ ತಗದ ಮ್ಯಾಲೆ ಇಳೀತಾವ. ಆದ್ರ ನಮ್ಮೂರ ಲ್ಯಾಬಿನ ದರಪಟ್ಟಿಗೆ ಅದಿನ್ನೂ ಬಂದಿಲ್ಲ.

ಮೊದಲ ಹೊಟ್ಟಿ ಅಲ್ಟ್ರಾಸೌಂಡ್ ಮಾಡಸ್ರಿ, ಆ ರಿಪೋರ್ಟ್ ಹಿಡಕೊಂಡು ಹುಬ್ಬಳ್ಳ್ಯಾಗ ಯುರಾಲಜಿಸ್ಟ್‌ಗೆ (ಮೂತ್ರರೋಗದ ಡಾಕ್ಟರ್‌ಗೆ) ತೋರಸ್ರಿ. ಬೀಡಿ ಸೇದತಾರಂದ್ರ ಅದನ್ನೂ ಮುಚ್ಚದ ಹೇಳ್ರಿ.