ಫುಟ್‌ಪಾತ್ ಮಾಡಿದವರಿಗೂ ಪ್ರಶಸ್ತಿ ಉಂಟಾ?

ಈ ಸಲದ ಪ್ರಶ್ನೆಗಳೆಲ್ಲ ನಡೆಯುವವರ, ಸೈಕಲ್ ತುಳಿಯುವವರ ರಸ್ತೆಗಳ ಬಗ್ಗೆ. ಅದಕ್ಕಿಂತ ಜಾಸ್ತಿ, ಆ ರಸ್ತೆ ಮಾಡುವವರ ಬಗ್ಗೆ. ನಗರ ಸಾರಿಗೆ ಯೋಜನೆಯಲ್ಲಿ ಬಹಳ ವರ್ಷ ಕೆಲಸ ಮಾಡಿರುವ ನಮ್ಮ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಪ್ಲಾನಿಂಗ್ ಓದಿ ಮೂರು ವರ್ಷದಿಂದ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿದ್ದೇನೆ. ದಿನವಿಡೀ ಫುಟ್‌ಪಾತ್, ಸೈಕಲ್ ಟ್ರ್ಯಾಕ್ ಡ್ರಾಯಿಂಗು. ಫ್ಲೈಓವರ್ ಮಾಡುವ ಗೆಳೆಯರು "ಇದೂ ಒಂದು ಕೆಲ್ಸಾನಾ?" ಅಂತ ಕಾಲೆಳೆಯುತ್ತಾರೆ. ಈ ಕೆಲಸಕ್ಕೆ ಅಂತಲೇ ಪ್ರಶಸ್ತಿಗಳಿವೆಯಾ?

ಉತ್ತರ: ಇವೆ. ಗೆಳೆಯರಿಗೆ ಹೇಳಿ.

ಅಮೆರಿಕದಲ್ಲಿ 1995ರಿಂದ ಒಂದು ವೃತ್ತಿಪರರ ಸಂಘ ಇದೆ. ಹೆಸರು ಅಸೋಸಿಯೇಷನ್ ಆಫ್ ಪೆಡೆಸ್ಟ್ರಿಯನ್ ಅಂಡ್ ಬೈಸಿಕಲ್ ಪ್ರೊಫೆಷನಲ್ಸ್. ಚಿಕ್ಕದಾಗಿ ಎಪಿಬಿಪಿ. ವಕೀಲರಿಗೆ, ಡಾಕ್ಟರಿಗೆ ಸಂಘ ಇರುವ ಹಾಗೆ ಇದು ಫುಟ್‌ಪಾತ್ ಮತ್ತು ಸೈಕಲ್ ದಾರಿಯವರ ಸಂಘ. ಸೈಕಲ್ ಸ್ಟ್ಯಾಂಡ್ ಹೇಗಿರಬೇಕು ಅಂತ ಇವರು ತಂದಿರುವ ಕೈಪಿಡಿಯನ್ನು ನೋಡಿ. ಸೈಕಲ್‌ನ ಬರೀ ಚಕ್ರ ಅಲ್ಲ, ಫ್ರೇಮೂ ಕಂಬಿಗೆ ಒರಗಿ ನಿಲ್ಲಬೇಕು ಅನ್ನುವಷ್ಟು ಸಣ್ಣ ವಿಷಯಕ್ಕೂ ತಲೆ ಕೆಡಿಸಿಕೊಂಡವರು. ಈ ಸಂಘ ವರ್ಷದ ವೃತ್ತಿಪರರನ್ನು ಆರಿಸಿ ಗೌರವಿಸುತ್ತದೆ. ಸರ್ಕಾರದಲ್ಲಿ ಇರುವವರಿಗೆ, ಖಾಸಗಿಯಲ್ಲಿ ಇರುವವರಿಗೆ ಬೇರೆ ಬೇರೆ. ಸರ್ಕಾರಿ ಮೇಜಿನ ಹಿಂದೆ ಕೂತು ಕೆಲಸ ಮಾಡುವವನ ಕಷ್ಟ ಒಂದು ಥರ, ಕನ್ಸಲ್ಟೆಂಟ್ ಕಷ್ಟ ಇನ್ನೊಂದು ಥರ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿಲ್ಲ ಅನ್ನುವುದು ನನಗೆ ಇಷ್ಟವಾದ ಸಂಗತಿ.

ನಮ್ಮವರಿಗೂ ಹೊರಗಡೆ ಗೌರವ ಸಿಕ್ಕಿದೆ. ದೆಹಲಿ ಐಐಟಿಯ ಗೀತಂ ತಿವಾರಿ ಅವರಿಗೆ 1997ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ವೆಲೋ-ಸಿಟಿ ಅನ್ನುವ ಸೈಕಲ್ ಸಮ್ಮೇಳನದಲ್ಲಿ ಫಾಲ್ಕೋ ಉಪನ್ಯಾಸ ಪ್ರಶಸ್ತಿ ಬಂತು. ಡೆನ್ಮಾರ್ಕಿನ ಯಾನ್ ಗೇಲ್ ಗೊತ್ತಲ್ವಾ? ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಅಂತ ವರ್ಷಗಟ್ಟಲೆ ಎಣಿಸಿದವರು. 1993ರಲ್ಲಿ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಒಕ್ಕೂಟ ಅವರಿಗೆ ಸರ್ ಪ್ಯಾಟ್ರಿಕ್ ಅಬರ್‌ಕ್ರಾಂಬಿ ಪ್ರಶಸ್ತಿ ಕೊಟ್ಟಿತು. ಸುಮ್ನೆ ನಿಂತು ಜನರನ್ನು ನೋಡಿದ್ದಕ್ಕೂ ಪ್ರಶಸ್ತಿ ಬರುತ್ತೆ ಅಂತಾಯಿತು.

ನಮ್ಮ ದೇಶದಲ್ಲಿ ಲೆಕ್ಕಾಚಾರ ಬೇರೆ. ಇಲ್ಲಿ ಪ್ರಶಸ್ತಿ ಹೆಚ್ಚಾಗಿ ಊರಿಗೆ ಅಥವಾ ಇಲಾಖೆಗೆ ಹೋಗುತ್ತದೆ. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ ನಡೆಸುವ ಅರ್ಬನ್ ಮೊಬಿಲಿಟಿ ಇಂಡಿಯಾ ಸಮ್ಮೇಳನದಲ್ಲಿ ಮೋಟಾರಿಲ್ಲದ ಸಾರಿಗೆಗೆ ಅಂತಲೇ ಒಂದು ವಿಭಾಗ ಇದೆ. ವೇದಿಕೆ ಹತ್ತುವುದು ಕಮಿಷನರ್. ಡ್ರಾಯಿಂಗ್ ಮಾಡಿದ ನೀವು ಹಿಂದಿನ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತೀರಿ. ನಾನೂ ತೆಗೆದಿದ್ದೇನೆ.

ಪ್ರಶ್ನೆ: ಬೆಂಗಳೂರಿಗೆ ಸೈಕಲ್ ಸ್ಪರ್ಧೆಯಲ್ಲಿ ಕೇಂದ್ರದ ಪ್ರಶಸ್ತಿ ಬಂದಿದೆ ಅಂತ ಓದಿದ್ದೆ. ನಮ್ಮ ಮನೆ ಮುಂದೆ ಫುಟ್‌ಪಾತಿನ ಚಪ್ಪಡಿ ಬಾಯಿ ಬಿಟ್ಟುಕೊಂಡು ಕೂತಿದೆ. ಈ ಪ್ರಶಸ್ತಿಗಳನ್ನೆಲ್ಲ ನಂಬಬಹುದಾ?

ಉತ್ತರ: ನಿಮ್ಮ ಸಿಟ್ಟು ಸರಿಯಾಗೇ ಇದೆ. ನೀವು ಹೇಳುತ್ತಿರುವುದು ಇಂಡಿಯಾ ಸೈಕಲ್ಸ್ ಫಾರ್ ಚೇಂಜ್ ಚಾಲೆಂಜ್. ಕೋವಿಡ್ ಕಾಲದಲ್ಲಿ, 2020ರಲ್ಲಿ ಶುರುವಾಯಿತು. ನೂರಕ್ಕೂ ಹೆಚ್ಚು ಊರುಗಳು ಹೆಸರು ಕೊಟ್ಟವು. 2021ರಲ್ಲಿ 11 ಊರುಗಳಿಗೆ ತಲಾ ಒಂದು ಕೋಟಿ ರೂಪಾಯಿ ಘೋಷಿಸಿದರು. ಬೆಂಗಳೂರು ಅದರಲ್ಲಿ ಒಂದು. ಕೊಹಿಮಾ, ಸೂರತ್, ವಾರಂಗಲ್ ಕೂಡ ಇದ್ದವು. ಹೊರವರ್ತುಲ ರಸ್ತೆಯಲ್ಲಿ ಬೊಲಾರ್ಡ್, ಅಂದರೆ ಗಿಡ್ಡ ಕಂಬ, ನೆಟ್ಟು ತಾತ್ಕಾಲಿಕ ಸೈಕಲ್ ಲೇನ್ ಮಾಡಿದ್ದು ಅದೇ ದಿನಗಳಲ್ಲಿ. ಆ ಬೊಲಾರ್ಡುಗಳ ಪಾಡು ಏನಾಯಿತು ಅಂತ ಆ ರಸ್ತೆಯಲ್ಲಿ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ.

ಆ ಪ್ರಶಸ್ತಿ ಸುಳ್ಳಲ್ಲ. ಅದು ಪ್ರಯತ್ನಕ್ಕೆ ಕೊಟ್ಟದ್ದು. ಪ್ರಯತ್ನಕ್ಕೆ ಕೊಟ್ಟದ್ದನ್ನು ನಾವು ಫಲಿತಾಂಶಕ್ಕೆ ಕೊಟ್ಟದ್ದು ಅಂತ ಓದಿಕೊಳ್ಳುತ್ತೇವೆ. ತಪ್ಪಾಗುವುದು ಅಲ್ಲಿ.

ಸಸ್ಟೈನಬಲ್ ಟ್ರಾನ್ಸ್‌ಪೋರ್ಟ್ ಅವಾರ್ಡ್ ಅಂತ ಒಂದಿದೆ. 2005ರಲ್ಲಿ ಮೊದಲ ಸಲ ಕೊಲಂಬಿಯಾದ ಬೊಗೊಟಾಗೆ ಕೊಟ್ಟರು. 2010ರಲ್ಲಿ ಅಹಮದಾಬಾದಿಗೆ ಬಂತು. ಅಲ್ಲಿನ ಜನಮಾರ್ಗ ಬಸ್ ಶುರುವಾಗಿ ಆಗಿನ್ನೂ ಸ್ವಲ್ಪವೇ ದಿನ ಆಗಿತ್ತು. ಬಸ್ಸೇನೋ ಓಡಿತು. ಪಕ್ಕದಲ್ಲಿ ಮಾಡಿದ್ದ ಸೈಕಲ್ ದಾರಿಯಲ್ಲಿ ಹಲವು ಕಡೆ ಬೈಕು, ಕಾರು ಬಂದು ನಿಂತವು. 2020ರಲ್ಲಿ ಅದೇ ಪ್ರಶಸ್ತಿ ಪುಣೆಗೆ ಬಂತು. ಪುಣೆಯ ಜಂಗಲಿ ಮಹಾರಾಜ್ ರಸ್ತೆಗೆ ಒಂದು ಸಲ ಹೋಗಿ ಬನ್ನಿ. ಫುಟ್‌ಪಾತಿನಲ್ಲಿ ಅಜ್ಜಂದಿರು ಬೆಂಚಿನ ಮೇಲೆ ಕೂತು ಹರಟೆ ಹೊಡೆಯುತ್ತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಹಾಗಂತ ಪುಣೆಯ ಎಲ್ಲಾ ರಸ್ತೆ ಹಾಗೇ ಇದೆ ಅಂತಲ್ಲ. ಬೆಂಗಳೂರಿನಲ್ಲಿ ಪೈಪು, ಕೇಬಲ್ಲು ನೆಲದಡಿ ಹಾಕಿ ಅಗಲ ಫುಟ್‌ಪಾತ್ ಕಟ್ಟಿದ ಟೆಂಡರ್‌ಶ್ಯೂರ್ ರಸ್ತೆಗಳ ಕಥೆಯೂ ಅದೇ ಅಲ್ವಾ? ರೆಸಿಡೆನ್ಸಿ ರಸ್ತೆಯಲ್ಲಿ ಕೈ ಬೀಸಿಕೊಂಡು ನಡೆಯಬಹುದು. ಅಡ್ಡರಸ್ತೆಗೆ ತಿರುಗಿದರೆ ಮತ್ತೆ ಹಳೇ ಹಾಡು.

ಅಮೆರಿಕದ ಒಂದು ಪದ್ಧತಿಯನ್ನು ನಾವು ಕದಿಯಬೇಕು. ಲೀಗ್ ಆಫ್ ಅಮೆರಿಕನ್ ಬೈಸಿಕ್ಲಿಸ್ಟ್ಸ್ ಅನ್ನುವ ಸಂಸ್ಥೆ ಊರುಗಳಿಗೆ 'ಸೈಕಲ್ ಸ್ನೇಹಿ' ಅಂತ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ದರ್ಜೆ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ಅನ್ನುವ ಯೂನಿವರ್ಸಿಟಿ ಊರು 2005ರಲ್ಲಿ ಮೊದಲ ಪ್ಲಾಟಿನಂ ಪಡೆಯಿತು. ಆದರೆ ಆ ದರ್ಜೆಗೆ ಹಾಲಿನ ಪ್ಯಾಕೆಟ್ಟಿನ ಹಾಗೆ ದಿನಾಂಕ ಇದೆ. ನಾಲ್ಕು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಿ ತೋರಿಸಬೇಕು. ನೆದರ್‌ಲ್ಯಾಂಡ್ಸಿನಲ್ಲಿ ಸೈಕಲ್ ಸವಾರರ ಸಂಘ ಕೊಡುವ 'ಸೈಕಲ್ ನಗರ' ಪ್ರಶಸ್ತಿಯನ್ನು ಹೌಟೆನ್ 2008ರಲ್ಲಿ ಗೆದ್ದಿತ್ತು, ಹತ್ತು ವರ್ಷ ಬಿಟ್ಟು 2018ರಲ್ಲಿ ಮತ್ತೆ ಗೆದ್ದಿತು. ನನಗೆ ಎರಡನೇ ಸಲದ್ದೇ ಹೆಚ್ಚು ಅನ್ನಿಸುತ್ತದೆ.

ಚಪ್ಪಡಿ ವಿಷಯ: ಫೋಟೋ ತೆಗೆದು ವಾರ್ಡ್ ಎಂಜಿನಿಯರಿಗೆ ಕಳಿಸಿ. ಪಕ್ಕದಲ್ಲಿ ಒಂದು ಚಪ್ಪಲಿ ಇಟ್ಟು ತೆಗೆಯಿರಿ. ಗುಂಡಿ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಪ್ರಶ್ನೆ: ನಾನು ಒಂದು ಮಹಾನಗರ ಪಾಲಿಕೆಯಲ್ಲಿ ಸಹಾಯಕ ಎಂಜಿನಿಯರ್. ಕಳೆದ ವರ್ಷ ಶಾಲೆಗಳಿರುವ ಒಂದು ರಸ್ತೆಯಲ್ಲಿ ಫುಟ್‌ಪಾತ್ ಅಗಲ ಮಾಡಿ, ಸೈಕಲ್ ಲೇನ್ ಹಾಕಿದೆವು. ಪ್ರಶಸ್ತಿಗೆ ಕಳಿಸಿ ಅಂತ ಸಾಹೇಬ್ರು ಹೇಳಿದ್ದಾರೆ. ಅರ್ಜಿಯಲ್ಲಿ ಏನು ಬರೆಯಬೇಕು?

ಉತ್ತರ: ಮೊದಲು ನನ್ನ ಪೆದ್ದುತನ ಹೇಳುತ್ತೇನೆ. ನಾನು ಮೊದಲ ಸಲ ಒಂದು ರಸ್ತೆಯನ್ನು ಪ್ರಶಸ್ತಿಗೆ ಕಳಿಸಿದಾಗ ಇಪ್ಪತ್ತು ಪುಟ ಬರೆದಿದ್ದೆ. ಎಷ್ಟು ಮೀಟರ್ ಅಗಲ, ಯಾವ ಗ್ರಾನೈಟ್, ಎಷ್ಟು ಲೈಟ್ ಕಂಬ, ಎಲ್ಲ ಇತ್ತು. ಸಂದರ್ಶನದಲ್ಲಿ ಒಬ್ಬರು ಒಂದೇ ಪ್ರಶ್ನೆ ಕೇಳಿದರು: "ಮುಂಚೆ ಎಷ್ಟು ಜನ ನಡೀತಿದ್ರು, ಈಗ ಎಷ್ಟು?" ನನ್ನ ಹತ್ತಿರ 'ಈಗ' ಇತ್ತು, 'ಮುಂಚೆ' ಇರಲಿಲ್ಲ. ರಸ್ತೆ ಅಗೆಯುವ ಮೊದಲು ಯಾರೂ ಎಣಿಸಿರಲಿಲ್ಲ. ಅಗೆದ ಮೇಲೆ ಎಣಿಸೋಕೆ ಆಗುತ್ತಾ?

ಹಾಗಾಗಿ ನಿಮ್ಮಲ್ಲಿ ಹಳೇ ಲೆಕ್ಕ ಇದೆಯಾ ನೋಡಿ. ಇಲ್ಲ ಅಂದರೆ ಇಂಥದೇ ಶಾಲೆ ಇರುವ, ಇನ್ನೂ ಕೆಲಸ ಆಗದ ಪಕ್ಕದ ರಸ್ತೆಯನ್ನು ಎಣಿಸಿ ಹೋಲಿಸಿ, ಹಾಗೆ ಮಾಡಿದ್ದೇವೆ ಅಂತ ಅರ್ಜಿಯಲ್ಲೇ ಹೇಳಿಬಿಡಿ. ಎಣಿಸೋದು ಕಷ್ಟ ಅಲ್ಲ. ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಅಂದುಕೊಳ್ಳಿ. ಬೆಳಿಗ್ಗೆ 8ರಿಂದ 10, ಸಂಜೆ 4ರಿಂದ 6. ಹದಿನೈದು ನಿಮಿಷಕ್ಕೊಂದು ಹಾಳೆ. ಗೆರೆ ದಾಟಿದವರಿಗೆಲ್ಲ ಒಂದೊಂದು ಗೀಟು. ಡಿಪ್ಲೊಮಾ ಹುಡುಗರಿಗೆ ಹೇಳಿದರೆ ಖುಷಿಯಿಂದ ಮಾಡುತ್ತಾರೆ, ತಿಂಡಿ ನಿಮ್ಮ ಲೆಕ್ಕದಲ್ಲಿ. ಹೆಂಗಸರು, ಮಕ್ಕಳು, ವಯಸ್ಸಾದವರು ಬೇರೆ ಬೇರೆ ಕಾಲಂನಲ್ಲಿ ಇರಲಿ. ಸೈಕಲ್‌ನಲ್ಲೂ ಹಾಗೇ. ಪೇಪರ್ ಹಾಕುವವರು, ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡವರು, ಹೆಲ್ಮೆಟ್ ಹಾಕಿದ ಹವ್ಯಾಸಿಗಳು, ಯೂನಿಫಾರ್ಮಿನ ಮಕ್ಕಳು. 2006ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತು. ಸೈಕಲ್ ಕೊಟ್ಟೆವು, ದಾರಿ ಕೊಡಲಿಲ್ಲ. ನಿಮ್ಮ ರಸ್ತೆಯಲ್ಲಿ ಒಂಟಿಯಾಗಿ ಸೈಕಲ್ ತುಳಿದುಕೊಂಡು ಶಾಲೆಗೆ ಬರುವ ಹುಡುಗಿಯರು ಹೆಚ್ಚಾಗಿದ್ದರೆ ಅದನ್ನೇ ಮೊದಲ ಪುಟಕ್ಕೆ ಹಾಕಿ. ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಇಲ್ಲ.

ಎರಡನೆಯದು, ಟೇಪು ಹಿಡಿದುಕೊಂಡು ನೀವೇ ಒಂದು ಸಲ ರಸ್ತೆಯುದ್ದಕ್ಕೂ ನಡೆಯಿರಿ. ಡ್ರಾಯಿಂಗನ್ನು ನಂಬಬೇಡಿ. ಫುಟ್‌ಪಾತ್ ಹೇಗಿರಬೇಕು ಅಂತ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿ, ಐಆರ್‌ಸಿ 103, ನಿಮ್ಮ ಕಪಾಟಿನಲ್ಲಿ ಇರುತ್ತೆ. ಮನೆಗಳಿರುವ ಕಡೆಯೂ ಅಡ್ಡಿ ಇಲ್ಲದ 1.8 ಮೀಟರ್ ಬೇಕು. ಫುಟ್‌ಪಾತ್ 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಎರಡು ಗಾಲಿಕುರ್ಚಿ ಎದುರುಬದುರು ದಾಟಲಿ ಅಂತ ಆ ಅಗಲ. ಮಂಡಿ ನೋವಿರುವವರೂ ಹತ್ತಲಿ ಅಂತ ಆ ಎತ್ತರ. ಡ್ರಾಯಿಂಗಿನಲ್ಲಿ 1.8 ಇರುತ್ತದೆ. ಜಾಗಕ್ಕೆ ಹೋದರೆ ಟ್ರಾನ್ಸ್‌ಫಾರ್ಮರ್ ಒಂದು ಮೀಟರ್ ನುಂಗಿರುತ್ತದೆ, ಅದರ ಪಕ್ಕ ಕೇಬಲ್ಲಿನವರ ಪೆಟ್ಟಿಗೆ.

ಇನ್ನೊಂದು, ಗೇಟಿನ ರ‍್ಯಾಂಪ್. ಪ್ರತಿ ಮನೆಯವರೂ ಕಾರು ಇಳಿಸೋಕೆ ಅಂತ ಫುಟ್‌ಪಾತನ್ನೇ ಇಳಿಜಾರು ಮಾಡಿಸಿಕೊಳ್ಳುತ್ತಾರೆ. ನಡೆಯುವವರು ಇಳಿ, ಹತ್ತು, ಇಳಿ, ಹತ್ತು. ಹತ್ತು ಮನೆ ದಾಟುವಷ್ಟರಲ್ಲಿ ಸಾಕಾಗಿ ಕೆಳಗೆ ರಸ್ತೆಗೇ ಇಳಿಯುತ್ತಾರೆ. ನೀವು ಫುಟ್‌ಪಾತನ್ನು ಮಟ್ಟಸವಾಗಿ ಉಳಿಸಿಕೊಂಡು, ಕಾರನ್ನೇ ಹತ್ತಿ ಇಳಿಯುವ ಹಾಗೆ ಮಾಡಿದ್ದರೆ, ಆ ಒಂದು ಫೋಟೋ ಸಾಕು. ತಿಳಿದವರಿಗೆ ಅದರ ಹಿಂದೆ ಎಷ್ಟು ಜಗಳ ಆಗಿರುತ್ತೆ ಅಂತ ಗೊತ್ತು.

ಫೋಟೋ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ತೆಗೆಯಬೇಡಿ. ಶಾಲೆ ಬಿಡುವ ಹೊತ್ತಿಗೆ, ಮಳೆಗಾಲದಲ್ಲಿ ತೆಗೆಯಿರಿ. ನೀರು ನಿಂತಿದ್ದರೆ ಅದನ್ನೂ ಬಿಡಬೇಡಿ. "ಇಲ್ಲಿ ನಿಲ್ಲುತ್ತಿತ್ತು, ಜಾಲರಿ ಬದಲಾಯಿಸಿದೆವು" ಅಂತ ಬರೆದರೆ ಅರ್ಜಿಯ ತೂಕ ಹೆಚ್ಚುತ್ತದೆ. ಮುಂದಿನ ಮೂರು ವರ್ಷ ಗುಡಿಸುವವರು ಯಾರು, ರಿಪೇರಿ ದುಡ್ಡು ಯಾವ ಲೆಕ್ಕದಿಂದ ಅನ್ನುವುದಕ್ಕೂ ಒಂದು ಸಾಲು ಇರಲಿ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ನಮ್ಮ ಯಜಮಾನರು ಇಲ್ಲಿನ ಒಂದು ಸಣ್ಣ ಊರಿನ ಸಿಟಿ ಆಫೀಸಿನಲ್ಲಿ ಸೈಕಲ್ ಯೋಜನೆ ನೋಡಿಕೊಳ್ಳುತ್ತಾರೆ. ಅವರ ಹೆಸರು ಪ್ರಶಸ್ತಿಗೆ ಕಳಿಸಿ ಅಂತ ಸಹೋದ್ಯೋಗಿಗಳು ಹೇಳಿದರೆ, "ನನ್ನ ಬಗ್ಗೆ ನಾನೇ ಏನು ಹೇಳಿಕೊಳ್ಳಲಿ" ಅಂತ ತಳ್ಳಿಹಾಕುತ್ತಾರೆ.

ಉತ್ತರ: ನಮ್ಮ ಕಡೆಯವರ ಈ ಸಂಕೋಚ ಏಳು ಸಮುದ್ರ ದಾಟಿದರೂ ಹೋಗಲ್ಲ ನೋಡಿ! ಅವರು ಬರೆಯುವುದು ಬೇಡ. ಸಹೋದ್ಯೋಗಿಗಳೇ ಬರೆಯಲಿ. ಜೊತೆಗೆ ಒಂದು ಬೆಂಬಲ ಪತ್ರ ಬೇಕು. ಮೇಯರ್ ಪತ್ರ ಎಲ್ಲರೂ ತರುತ್ತಾರೆ. ಸೈಕಲ್ ಲೇನ್ ಬಂದರೆ ಪಾರ್ಕಿಂಗ್ ಹೋಗುತ್ತೆ, ವ್ಯಾಪಾರ ಬೀಳುತ್ತೆ ಅಂತ ಸಭೆಯಲ್ಲಿ ಕೂಗಾಡಿದ ಅಂಗಡಿಯವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರು ಈಗ ಸಮಾಧಾನವಾಗಿದ್ದರೆ ಅವರ ಕೈಲಿ ನಾಲ್ಕು ಸಾಲು ಬರೆಸಿ. ಈ ಕೆಲಸದಲ್ಲಿ ಅರ್ಧ ಡ್ರಾಯಿಂಗು, ಅರ್ಧ ಅಂಥವರ ಜೊತೆ ಕಾಫಿ ಕುಡಿಯೋದು. ಎರಡನೇ ಅರ್ಧ ಯಾವ ನಕ್ಷೆಯಲ್ಲೂ ಕಾಣಲ್ಲ, ಪತ್ರದಲ್ಲಿ ಕಾಣುತ್ತೆ.

ಪ್ರಶ್ನೆ: ಫುಟ್‌ಪಾತ್ ಟೈಲ್ಸ್ ಹಾಕುವ ಮೇಸ್ತ್ರಿಗೂ ಒಂದು ಪ್ರಶಸ್ತಿ ಕೊಡಬಾರದಾ? ತಮಾಷೆಗೆ ಕೇಳುತ್ತಿಲ್ಲ.

ಉತ್ತರ: ನಾನೂ ತಮಾಷೆಗೆ ಉತ್ತರಿಸುತ್ತಿಲ್ಲ. ಕೊಡಬೇಕು. ಅಲ್ಲಿಯವರೆಗೆ ಕನಿಷ್ಠ ಅರ್ಜಿಯಲ್ಲಿ ತಂಡದ ಹೆಸರು ಬರೆಯುವ ಕಡೆ ಅವರ ಹೆಸರೂ ಇರಲಿ.

ಕಣ್ಣು ಕಾಣದವರಿಗೆ ಅಂತ ಫುಟ್‌ಪಾತಿನಲ್ಲಿ ಹಳದಿ ಟೈಲ್ಸ್ ಹಾಕುತ್ತಾರಲ್ಲ, ಅದರಲ್ಲಿ ಎರಡು ಜಾತಿ. ಉದ್ದ ಗೆರೆ ಇದ್ದರೆ "ಹೀಗೇ ಮುಂದೆ ಹೋಗಿ" ಅಂತ. ಉಬ್ಬಿದ ಚುಕ್ಕಿ ಇದ್ದರೆ "ನಿಲ್ಲಿ, ಮುಂದೆ ಏನೋ ಇದೆ" ಅಂತ. ಇದನ್ನು ಮೇಸ್ತ್ರಿಗೆ ಯಾರೂ ಹೇಳಿರಲ್ಲ. ಅವರು ಡಿಸೈನ್ ಅಂದುಕೊಂಡು ಒಂದು ಗೆರೆ, ಒಂದು ಚುಕ್ಕಿ ಅಂತ ಚೆಂದಕ್ಕೆ ಹಾಕಿಬಿಡುತ್ತಾರೆ. ಒಂದು ಕಡೆ ಟೈಲ್ಸ್ ದಾರಿ ನೇರ ಲೈಟ್ ಕಂಬಕ್ಕೇ ಹೋಗಿ ಮುಗಿದಿತ್ತು.

ನಾವು ಮಾಡಿಸುತ್ತಿದ್ದ ಒಂದು ರಸ್ತೆಯಲ್ಲಿ ಮೇಸ್ತ್ರಿಯೊಬ್ಬರು "ಸಾರ್, ಈ ಚುಕ್ಕಿ ಯಾಕೆ?" ಅಂತ ಕೇಳಿದರು. ಹೇಳಿದೆ. ಏನೂ ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು, ಆ ದಿನ ಹಾಕಿದ್ದ ಅಷ್ಟುದ್ದವನ್ನೂ ಕಾಲಲ್ಲೇ ತಡವುತ್ತಾ ನಡೆದರು. ಮೂಲೆ ಹತ್ತಿರ ನಿಂತರು. ಕಣ್ಣು ಬಿಟ್ಟು, ಹುಡುಗನನ್ನು ಕರೆದು, ಸಿಮೆಂಟ್ ಗಟ್ಟಿಯಾಗುವ ಮೊದಲೇ ಎರಡು ಟೈಲ್ಸ್ ಕೀಳಿಸಿ ಬೇರೆ ಹಾಕಿಸಿದರು.