ಪ್ಯಾಡ್ ಚೀಲದೊಳಗಿದ್ದರೆ ಮಂಡಿಗೇನು ಲಾಭ?

ಪ್ರಶ್ನೆ: ಹೋದ ವರ್ಷ ಮುಂದಿನ ಚಕ್ರಕ್ಕಷ್ಟೇ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್ ಕೊಂಡೆ. ಭಾನುವಾರ ಬೆಳಿಗ್ಗೆ ಗೆಳೆಯರೊಂದಿಗೆ ಅವಲಹಳ್ಳಿ ಕಡೆ ಹೋಗುತ್ತೇನೆ. ಈಚೆಗೆ ತಿರುವಿನಲ್ಲಿ ಜಾರಿ ಬಿದ್ದು ಮಂಡಿಯ ಚರ್ಮ ಕಿತ್ತುಬಂತು. ಅಂಗಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಪ್ಯಾಡೂ ಇದೆ, ಕಾಲುಚೀಲದಂತೆ ಏರಿಸಿಕೊಳ್ಳುವ ಮೆತ್ತನೆಯ ಪ್ಯಾಡೂ ಇದೆ. ಯಾವುದನ್ನು ಕೊಳ್ಳಲಿ? ಮೊಣಕೈ, ಎದೆ, ಬೆನ್ನಿಗೂ ಬೇಕೇ?
– ವಿದ್ಯಾರಣ್ಯಪುರದ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಹೆಲ್ಮೆಟ್ಟಿನ ಮಾತಿಲ್ಲ. ಅದು ಈಗಾಗಲೇ ಇದೆ ಎಂದು ಭಾವಿಸಿ ಉತ್ತರಿಸುತ್ತಿದ್ದೇನೆ. ಇಲ್ಲವಾದರೆ ಪ್ಯಾಡಿಗೆಂದು ಇಟ್ಟ ಹಣವನ್ನು ಮೊದಲು ಹೆಲ್ಮೆಟ್ಟಿಗೂ ಪೂರ್ತಿ ಬೆರಳು ಮುಚ್ಚುವ ಕೈಗವಸಿಗೂ ಹಾಕಿ. ಬೀಳುವಾಗ ಕೈ ತಾನಾಗಿಯೇ ಮುಂದೆ ಚಾಚುತ್ತದೆ, ಅಂಗೈ ಮೊದಲು ನೆಲ ಸೇರುತ್ತದೆ.

ಇವೆರಡರ ನಂತರದ ಸರದಿ ಮಂಡಿಯದು. ಅದಕ್ಕೆ ನಮ್ಮ ನೆಲವೇ ಕಾರಣ. ಬೆಂಗಳೂರಿನ ಸುತ್ತಲಿನ ಹಾದಿಗಳಲ್ಲಿ ಬಿಸಿಲಿಗೆ ಕಲ್ಲಿನಂತಾದ ಕೆಂಪು ಮಣ್ಣಿನ ಮೇಲೆ ಸಡಿಲ ಗರಸು ಹರಡಿರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಗರಸಿನ ಮೇಲೆ ಜಾರಿತೆಂದರೆ ಸವಾರ ಪಕ್ಕಕ್ಕೆ ಉರುಳಿ, ಮಂಡಿಯ ಹೊರಬದಿಯನ್ನೂ ಸೊಂಟವನ್ನೂ ಉಜ್ಜಿಕೊಳ್ಳುತ್ತಾನೆ. ನಿಮಗೆ ಆದದ್ದು ಇದೇ. ಇನ್ನೊಂದು ಬಗೆಯ ಬೀಳು ತುರಹಳ್ಳಿಯಂತಹ ಬಂಡೆಗಳ ಜಾಗದ್ದು. ಬಂಡೆಯ ಮೇಲೆ ನಿಧಾನವಾಗಿ ಏರುವಾಗ ಬೈಕ್ ನಿಂತುಬಿಡುತ್ತದೆ, ಕಾಲು ಕೆಳಗಿಡುವಷ್ಟರಲ್ಲಿ ದೇಹ ವಾಲಿರುತ್ತದೆ, ಮಂಡಿಚಿಪ್ಪು ನೇರವಾಗಿ ಕಲ್ಲಿಗೆ ಬಡಿಯುತ್ತದೆ. ವೇಗವೇ ಇಲ್ಲದಿದ್ದರೂ ಈ ಪೆಟ್ಟು ಜೋರು. ಮೊದಲನೆಯದಕ್ಕೆ ಬೇಕಾದದ್ದು ಉಜ್ಜಿದರೂ ಹರಿಯದ ಬಟ್ಟೆ, ಎರಡನೆಯದಕ್ಕೆ ಬೇಕಾದದ್ದು ಪೆಟ್ಟನ್ನು ಹೀರುವ ಪದರ. ಒಳ್ಳೆಯ ಪ್ಯಾಡಿನಲ್ಲಿ ಎರಡೂ ಇರುತ್ತವೆ. ಅಗ್ಗದ ಪ್ಯಾಡಿನಲ್ಲಿ ಸಾಮಾನ್ಯವಾಗಿ ಇರುವುದು ಬಟ್ಟೆ ಮತ್ತು ಸ್ಪಂಜು.

ಮೆತ್ತನೆಯ ಪ್ಯಾಡಿನ ಬಗ್ಗೆ ಅನೇಕರಿಗೆ ಅನುಮಾನ: ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗುವ ವಸ್ತು ಕಲ್ಲನ್ನು ಹೇಗೆ ತಡೆದೀತು? ಡಿ3ಓ ಮುಂತಾದ ಹೆಸರಿನಲ್ಲಿ ಬರುವ ಈ ವಸ್ತುಗಳ ಗುಣವೇ ಅದು. ನಿಧಾನವಾಗಿ ಬಾಗಿಸಿದಾಗ ಅವು ಮೆತ್ತಗಿರುತ್ತವೆ, ಥಟ್ಟನೆ ಪೆಟ್ಟು ಬಿದ್ದಾಗ ಕ್ಷಣಮಾತ್ರ ಗಟ್ಟಿಯಾಗಿ ಬಲವನ್ನು ಅಗಲಕ್ಕೆ ಹಂಚುತ್ತವೆ, ಮತ್ತೆ ಮೆತ್ತಗಾಗುತ್ತವೆ. ಪೆಡಲ್ ತುಳಿಯುವಾಗ ಕಾಲಿನೊಂದಿಗೆ ಬಾಗುವುದು, ಬಿದ್ದಾಗ ಎದುರು ನಿಲ್ಲುವುದು ಎರಡೂ ಒಂದೇ ತುಂಡಿನಿಂದ ಆಗುತ್ತದೆ. ಗಟ್ಟಿ ಚಿಪ್ಪಿಗೂ ಅದರದೇ ಲಾಭಗಳಿವೆ. ಚೂಪಾದ ಕಲ್ಲಿನ ಮೊನೆಯ ಒತ್ತಡವನ್ನು ಅದು ಚೆನ್ನಾಗಿ ಹಂಚುತ್ತದೆ, ಬಂಡೆಗೆ ಕಚ್ಚಿಕೊಳ್ಳದೆ ಜಾರುತ್ತದೆ. ಆದರೆ ಬಿಸಿ ಹೆಚ್ಚು, ತೂಕ ಹೆಚ್ಚು, ಪಟ್ಟಿಗಳು ಮಂಡಿಯ ಹಿಂದೆ ಕೊರೆಯುತ್ತವೆ. ಎತ್ತರದ ಬಂಡೆಯಿಂದ ಧುಮುಕುವ ಅಭ್ಯಾಸ ಮಾಡುವವರಿಗೆ ಗಟ್ಟಿ ಚಿಪ್ಪನ್ನೇ ಹೇಳುತ್ತೇನೆ. ನಿಮ್ಮಂತೆ ಎರಡು ಮೂರು ತಾಸು ತುಳಿಯುತ್ತಾ ತಿರುಗುವವರಿಗೆ ಏರಿಸಿಕೊಳ್ಳುವ ಮೆತ್ತನೆಯ ಪ್ಯಾಡ್ ಸರಿ, ಅದರ ಮುಂಭಾಗಕ್ಕೆ ದಪ್ಪ, ಒರಟು ಬಟ್ಟೆ ಇರಲಿ. ನಾನು ಹೀಗೆ ಹೇಳುವುದಕ್ಕೆ ಮುಖ್ಯ ಕಾರಣ ಸೆಕೆ. ಏಪ್ರಿಲ್‌ನಲ್ಲಿ ಬೆಳಗಿನ ಒಂಬತ್ತು ಗಂಟೆಗೇ ಬೆವರು ಸುರಿಯುವಾಗ ದಪ್ಪ ಚಿಪ್ಪಿನ ಪ್ಯಾಡನ್ನು ಕಳಚಿ ಬೆನ್ನಿನ ಚೀಲಕ್ಕೆ ಸೇರಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ವಾಪಸ್ ಬರುವಾಗ, ಕಾಲು ಸೋತಿರುವಾಗಲೇ ಬೀಳುವುದು ಹೆಚ್ಚು. ಆಗ ಪ್ಯಾಡ್ ಚೀಲದಲ್ಲಿರುತ್ತದೆ.

ಇನ್ನು ಒಳಗಿನ ಚೀಟಿ ನೋಡುವುದು. ಪ್ಯಾಡಿನ ಒಳಭಾಗದಲ್ಲಿ ‘ಇಎನ್ 1621-1’ ಎಂದು ಬರೆದು, ಪಕ್ಕದಲ್ಲಿ ಮೋಟಾರ್ ಸೈಕಲ್ ಸವಾರನ ಪುಟ್ಟ ಚಿತ್ರವಿದ್ದರೆ ಗಾಬರಿಯಾಗಬೇಡಿ. ಅದು ಮೋಟಾರ್ ಸೈಕಲ್ ಸವಾರರ ಕೈಕಾಲಿನ ರಕ್ಷಣೆಗಾಗಿ ಮಾಡಿದ ಯುರೋಪಿನ ಮಾನದಂಡ, ಮೌಂಟನ್ ಬೈಕ್ ಪ್ಯಾಡ್‌ಗಳನ್ನೂ ಅದರಂತೆಯೇ ಪರೀಕ್ಷಿಸುವುದು ವಾಡಿಕೆ. ಪ್ಯಾಡಿನ ಮೇಲೆ 5 ಕಿಲೋ ತೂಕವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಬೀಳಿಸಿ, ಆಚೆ ಬದಿಗೆ ಎಷ್ಟು ಬಲ ದಾಟುತ್ತದೆ ಎಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಲೆವೆಲ್ 2 ಹೆಚ್ಚು ಕಾಪಾಡುತ್ತದೆ, ನಿಜ. ಸಾಮಾನ್ಯವಾಗಿ ಹೆಚ್ಚು ದಪ್ಪವೂ ಇರುತ್ತದೆ. ಸವಾರಿ ಮುಗಿಯುವವರೆಗೂ ತೊಟ್ಟೇ ಇರುತ್ತೇನೆ ಎನ್ನುವ ಧೈರ್ಯವಿದ್ದರೆ ಲೆವೆಲ್ 2 ಕೊಳ್ಳಿ, ಇಲ್ಲವೆಂದರೆ ಲೆವೆಲ್ 1 ಸಾಕು. ಅದೇ ಚೀಟಿಯಲ್ಲಿ ‘ಟಿ+’ ಗುರುತು ಕಂಡರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಪರೀಕ್ಷೆ ಗೆದ್ದಿದೆ ಎಂದರ್ಥ. ಈ ಬಗೆಯ ವಸ್ತುಗಳು ಬಿಸಿಗೆ ಸ್ವಲ್ಪ ಸಡಿಲಗೊಳ್ಳುವುದರಿಂದ ನಮ್ಮೂರಿನವರು ಆ ಗುರುತನ್ನು ಹುಡುಕುವುದು ಒಳ್ಳೆಯದು. ಕೊರೆಯುವ ಚಳಿಗೆ ಸಂಬಂಧಿಸಿದ ‘ಟಿ−’ ಗುರುತಿಗೆ ಇಲ್ಲಿ ಕೆಲಸವಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಅವಸರ ಬೇಡ. ಎಲ್ಲಕ್ಕಿಂತ ಹೆಚ್ಚು ಪ್ಯಾಡ್‌ಗಳು ಕೆಲಸಕ್ಕೆ ಬಾರದೆ ಹೋಗುವುದು ಇಲ್ಲಿಯೇ. ತಯಾರಕರ ಪಟ್ಟಿಯಲ್ಲಿ ಮಂಡಿಚಿಪ್ಪಿನ ಮಧ್ಯದಿಂದ ಇಷ್ಟು ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ, ಇಷ್ಟು ಕೆಳಗೆ ಮೀನಖಂಡದ ಸುತ್ತಳತೆ ಎಂದು ಕೊಟ್ಟಿರುತ್ತಾರೆ. ಈ ದೂರ ಒಂದೊಂದು ಕಂಪನಿಗೆ ಒಂದೊಂದು. ಟೇಪ್ ಹಿಡಿದು ಅಳೆಯಿರಿ, ‘ನನ್ನದು ಮೀಡಿಯಂ’ ಎಂಬ ಅಂದಾಜು ಬೇಡ. ಸೈಕಲ್ ತುಳಿದು ತೊಡೆ ದಪ್ಪಗಾಗಿ, ಮೀನಖಂಡ ಸಣ್ಣಗಿರುವವರಿಗೆ ಎರಡು ಅಳತೆ ಎರಡು ಸೈಜಿಗೆ ಬೀಳುತ್ತವೆ. ಅಂಥವರು ಮೇಲ್ಭಾಗದಲ್ಲಿ ಪಟ್ಟಿ ಇರುವುದನ್ನು ಹುಡುಕಬೇಕು. ಅಂಗಡಿಯಲ್ಲಿ ತೊಟ್ಟ ಮೇಲೆ ಕನ್ನಡಿಯ ಮುಂದೆ ನಿಲ್ಲಬೇಡಿ, ಇಪ್ಪತ್ತು ಮೂವತ್ತು ಸಲ ಕುಕ್ಕರುಗಾಲಲ್ಲಿ ಕುಳಿತು ಏಳಿ. ಸಾಧ್ಯವಾದರೆ ಅಲ್ಲಿರುವ ಸೈಕಲ್ ಹತ್ತಿ ಪೆಡಲ್ ತುಳಿಯಿರಿ. ನಂತರ ಪ್ಯಾಡಿನ ಕೆಳ ಅಂಚನ್ನು ಹಿಡಿದು ಕೆಳಕ್ಕೆ ಎಳೆಯಿರಿ. ಪೆಟ್ಟು ಹೀರುವ ಭಾಗ ಮಂಡಿಯಿಂದ ಇಳಿದರೆ ಅದು ನಿಮಗಲ್ಲ, ಎಷ್ಟೇ ರಿಯಾಯಿತಿ ಕೊಟ್ಟರೂ. ಬಿದ್ದಾಗ ನೆಲ ಅದನ್ನು ಎಳೆಯುವುದು ನಿಮ್ಮ ಕೈಗಿಂತ ಜೋರಾಗಿ. ಮಂಡಿಯ ಹಿಂದೆ ಬಟ್ಟೆ ಮುದುಡಿ ಗಂಟಾದರೂ ಬೇಡ. ಅರ್ಧ ಗಂಟೆಯಲ್ಲಿ ಅದು ಚರ್ಮ ಸುಲಿಯುತ್ತದೆ.

ಮೊಣಕೈ ಪ್ಯಾಡ್ ಇದ್ದರೆ ಒಳ್ಳೆಯದು, ಮೊದಲ ಖರೀದಿಯಲ್ಲಿ ಬೇಕಿಲ್ಲ. ನಾಲ್ಕು ತುಂಡಿನ ಸೆಟ್ ಅಗ್ಗವೆಂದು ಕೊಳ್ಳುವುದಕ್ಕಿಂತ ಅದೇ ಹಣಕ್ಕೆ ಒಳ್ಳೆಯ ಮಂಡಿ ಪ್ಯಾಡ್ ಒಂದು ಜೊತೆ ಬರುತ್ತದೆ. ಎದೆ, ಬೆನ್ನಿನ ಕವಚ ಡೌನ್‌ಹಿಲ್ ಸ್ಪರ್ಧೆಗೆ ಹೋಗುವವರಿಗೆ, ದೊಡ್ಡ ಜಿಗಿತ ಮಾಡುವವರಿಗೆ. ಅವಲಹಳ್ಳಿಯ ಭಾನುವಾರಕ್ಕೆ ಅಲ್ಲ. ನಿಮ್ಮ ಬೈಕಿನಲ್ಲಿ ಮೊಳೆಯಂತಹ ಪಿನ್ನುಗಳಿರುವ ಚಪ್ಪಟೆ ಪೆಡಲ್ ಇದ್ದರೆ ಮಾತ್ರ ಮಂಡಿಯ ಕೆಳಗಿನ ಎಲುಬನ್ನೂ ಮುಚ್ಚುವ ಉದ್ದನೆಯ ಪ್ಯಾಡ್ ಯೋಚಿಸಿ. ಕಾಲು ಜಾರಿದಾಗ ಆ ಪಿನ್ನುಗಳು ಮಾಡುವ ಗಾಯ ನೋಡುವಂತಿರುವುದಿಲ್ಲ.

ಯಾವ ಪ್ಯಾಡೂ ಮಾಡಲಾರದ ಕೆಲಸವೂ ಇದೆ. ಕೈಯೂರಿ ಬಿದ್ದಾಗ ಮುರಿಯುವ ಮಣಿಕಟ್ಟು ಮತ್ತು ಕೊರಳೆಲುಬು, ಕಾಲು ತಿರುಚಿ ಹರಿಯುವ ಮಂಡಿಯ ಒಳಗಿನ ಲಿಗಮೆಂಟ್, ಇವುಗಳಿಗೆ ಈ ಪ್ಯಾಡ್ ಅಡ್ಡ ಬರುವುದಿಲ್ಲ.

ಪ್ರಶ್ನೆ: ನನ್ನ ಬಳಿ ಬುಲೆಟ್ ಓಡಿಸುವಾಗ ಹಾಕುವ ಮಂಡಿ ಗಾರ್ಡ್ ಇದೆ. ಮನೆಯಲ್ಲಿ ಅಮ್ಮನಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ನೀ ಕ್ಯಾಪ್ ಕೂಡ ಇದೆ. ಇವುಗಳಲ್ಲಿ ಒಂದನ್ನು ಬಳಸಬಹುದೇ?
– ಕೆಂಗೇರಿಯ ಓದುಗರು

ಉತ್ತರ: ನೀ ಕ್ಯಾಪ್ ಅಮ್ಮನಿಗೇ ಇರಲಿ. ಅದು ನೋವಿರುವ ಮಂಡಿಯನ್ನು ಬಿಗಿಯಾಗಿ ಹಿಡಿಯುವ ಎಲಾಸ್ಟಿಕ್ ಬಟ್ಟೆ, ಪೆಟ್ಟು ಹೀರುವ ಪದರ ಅದರಲ್ಲಿಲ್ಲ. ಗರಸಿನ ಮೇಲೆ ಜಾರಿದರೆ ಬಟ್ಟೆಯೂ ಹರಿಯುತ್ತದೆ, ಅದರ ನೂಲು ಗಾಯಕ್ಕೂ ಸೇರುತ್ತದೆ.

ಬುಲೆಟ್ಟಿನ ಗಾರ್ಡ್ ಪೆಟ್ಟು ತಡೆಯುವುದರಲ್ಲಿ ಹಿಂದೆ ಬೀಳುವುದಿಲ್ಲ. ತೊಂದರೆ ಇರುವುದು ಅದರ ಆಕಾರದಲ್ಲಿ. ಮಂಡಿ ಮಡಿಸಿ ಕುಳಿತೇ ಇರುವವರಿಗಾಗಿ ಅದನ್ನು ಮಾಡಿದ್ದಾರೆ. ನಿಮಿಷಕ್ಕೆ 70 ಸುತ್ತು ಪೆಡಲ್ ತುಳಿದರೂ ನಿಮ್ಮ ಒಂದೊಂದು ಮಂಡಿ ಗಂಟೆಗೆ 4,200 ಸಲ ಮಡಚಿ ಬಿಚ್ಚುತ್ತದೆ. ಸಮತಟ್ಟಾದ ಜಾಗದಲ್ಲಿ ಒಮ್ಮೆ ಹಾಕಿಕೊಂಡು ಅರ್ಧ ಗಂಟೆ ತುಳಿದು ನೋಡಿ. ಸಹಿಸಬಹುದಾದರೆ ಹೊಸದನ್ನು ಕೊಳ್ಳುವವರೆಗೆ ಅದೇ ಇರಲಿ, ಏನೂ ಇಲ್ಲದಿರುವುದಕ್ಕಿಂತ ಬಹಳ ಮೇಲು. ಅಂದ ಹಾಗೆ, ಅರಣ್ಯದ ಹಾದಿಗಳಿಗೆ ಹೋಗುವ ಮುನ್ನ ಪ್ರವೇಶದ ಸಮಯವನ್ನೂ ಸೈಕಲ್ ಬಿಡುತ್ತಾರೆಯೇ ಎಂಬುದನ್ನೂ ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ನನ್ನೊಂದಿಗೆ ಮಣ್ಣುದಾರಿಗೆ ಬರುತ್ತಾಳೆ. ಬೆಳೆಯುವ ಮಗು, ಒಂದು ಸೈಜು ದೊಡ್ಡದು ತೆಗೆದುಕೊಂಡರೆ ಎರಡು ವರ್ಷ ಬರುತ್ತದಲ್ಲವೇ?
– ಸರ್ಜಾಪುರ ರಸ್ತೆಯ ಓದುಗರು

ಉತ್ತರ: ಶಾಲೆಯ ಶೂ ಕೊಳ್ಳುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೊಡ್ಡ ಪ್ಯಾಡ್ ಬೀಳುವ ಮೊದಲೇ ಪಾದದವರೆಗೆ ಇಳಿದಿರುತ್ತದೆ, ಪೆಡಲ್ ಅಥವಾ ಚೈನಿಗೆ ಸಿಕ್ಕಿ ಅದೇ ಬೀಳಿಸಲೂಬಹುದು. ಈಗಿನ ಅಳತೆಗೆ ಸರಿಯಾದದ್ದನ್ನು ಕೊಡಿಸಿ, ಚಿಕ್ಕದಾದಾಗ ಸೈಕ್ಲಿಂಗ್ ಗುಂಪಿನಲ್ಲಿ ಇನ್ನೊಂದು ಮಗುವಿಗೆ ದಾಟಿಸಿ. ದೊಡ್ಡವರಿಗೆ ಐಚ್ಛಿಕ ಎಂದ ಮೊಣಕೈ ಪ್ಯಾಡ್ ಮಕ್ಕಳಿಗೆ ಬೇಕೇ ಬೇಕು. ಹೆಲ್ಮೆಟ್ ಮೇಲೆ ‘ಇಎನ್ 1078’ ಇರಲಿ, ಅದು ಸೈಕಲ್ ಹೆಲ್ಮೆಟ್ಟಿನ ಮಾನದಂಡ. ನಿಮ್ಮ ಸ್ಕೂಟರಿನ ಹೆಲ್ಮೆಟ್ ಅವಳ ಕತ್ತಿಗೆ ಭಾರ. ಬಣ್ಣವನ್ನು ಅವಳೇ ಆರಿಸಲಿ, ತಕರಾರಿಲ್ಲದೆ ಹಾಕಿಕೊಳ್ಳುತ್ತಾಳೆ.

ಪ್ರಶ್ನೆ: ಆರು ತಿಂಗಳ ಪ್ಯಾಡ್, ವಾಸನೆಗೆ ಹತ್ತಿರ ಹೋಗುವಂತಿಲ್ಲ. ವಾಷಿಂಗ್ ಮಷಿನ್‌ಗೆ ಹಾಕಬಹುದೇ?
– ಮಲ್ಲೇಶ್ವರದ ಓದುಗರು

ಉತ್ತರ: ಪ್ಯಾಡಿನ ಒಳತುಂಡು ಹೊರತೆಗೆಯಲು ಬಂದರೆ ತೆಗೆದು, ಬಟ್ಟೆಯ ಭಾಗವನ್ನಷ್ಟೇ ಮಷಿನ್ನಿನಲ್ಲಿ ಬಲೆಯ ಚೀಲದೊಳಗಿಟ್ಟು ತಣ್ಣೀರಿನಲ್ಲಿ ಒಗೆಯಬಹುದು. ಬರದಿದ್ದರೆ ಬಕೆಟ್ಟಿನಲ್ಲಿ ಸೌಮ್ಯ ಸೋಪು ಹಾಕಿ ಕೈಯಲ್ಲೇ ಒಗೆಯಿರಿ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೆರಳಿನಲ್ಲಿ ಒಣಗಿಸಿ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ. ಪ್ರತಿ ಸವಾರಿಯ ನಂತರ ಬರಿ ನೀರಿನಲ್ಲಿ ಜಾಲಿಸಿದರೆ ವಾಸನೆ ಇಷ್ಟು ದೂರ ಬರುವುದೇ ಇಲ್ಲ. ಒದ್ದೆ ಪ್ಯಾಡನ್ನು ಕಾರಿನ ಡಿಕ್ಕಿಯಲ್ಲಿ ಸೋಮವಾರದವರೆಗೆ ಬಿಡುವವರು ವಾಸನೆಯ ಬಗ್ಗೆ ದೂರಬಾರದು, ಆ ಬಿಸಿ ಒಳಗಿನ ಫೋಮಿಗೂ ಅಂಟಿಗೂ ಒಳ್ಳೆಯದಲ್ಲ.

ಒಗೆಯುವಾಗಲೇ ಒಳತುಂಡನ್ನು ಬಾಗಿಸಿ ನೋಡಿ. ಬಿರುಕು ಕಂಡರೆ, ಅಥವಾ ಹೆಬ್ಬೆರಳಿನಿಂದ ಒತ್ತಿದ ಗುಳಿ ಹಾಗೆಯೇ ಉಳಿದರೆ ಹೊಸದು ಕೊಳ್ಳುವ ಕಾಲ. ಎಲಾಸ್ಟಿಕ್ ಪಟ್ಟಿಯಷ್ಟೇ ಸಡಿಲವಾಗಿದ್ದರೆ ನಿಮ್ಮ ಬೀದಿಯ ಟೈಲರ್ ಬಳಿ ಅಷ್ಟೇ ಅಗಲದ ಹೊಸ ಪಟ್ಟಿ ಹೊಲಿಸಿಕೊಳ್ಳಿ, ಇನ್ನೊಂದು ವರ್ಷ ಬರುತ್ತದೆ.