ಪದಬಂಧಕ್ಕೆ ಸಿನಿಮಾ ಬರಬಾರದೇ?

ಓದುಗರ ಪತ್ರ: "ದಿನಪತ್ರಿಕೆಗಳ ಪದಬಂಧ ಈಗ ಸಿನಿಮಾ ಪರೀಕ್ಷೆಯಾಗಿಬಿಟ್ಟಿದೆ. ನಾನು ನಿಘಂಟು ಮುಂದಿಟ್ಟುಕೊಂಡು ಕೂತಿದ್ದರೆ ಮೊಮ್ಮಗ ಹಿಂದಿನಿಂದ ಬಗ್ಗಿ ನೋಡಿ 'ಕಾಂತಾರ' ಎಂದು ತುಂಬಿಸಿ ಹೋಗುತ್ತಾನೆ. ಗೊತ್ತಿಲ್ಲದ್ದನ್ನು ಫೋನಿನಲ್ಲಿ ಹುಡುಕುತ್ತಾನೆ. ಭಾಷೆ ಕಲಿಸಬೇಕಾದ ಜಾಗದಲ್ಲಿ ನಟನಟಿಯರಿಗೆ ಏನು ಕೆಲಸ? ಸಿನಿಮಾ ತೆಗೆಯಬೇಕೆಂದು ತಾವಾದರೂ ಬರೆಯಿರಿ. ಮಾದರಿಗೆಂದು ನಾನೇ ರಚಿಸಿದ ಪದಬಂಧವೊಂದನ್ನು ಲಗತ್ತಿಸಿದ್ದೇನೆ."
– ನಿವೃತ್ತ ಕನ್ನಡ ಅಧ್ಯಾಪಕರು, ಶಿವಮೊಗ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ದೂರಿನಲ್ಲಿ ಹುರುಳಿದೆ. "ಒಬ್ಬ ಖ್ಯಾತ ನಟಿ (3)" ಎನ್ನುವುದು ಸುಳಿವಲ್ಲ, ಸೋಮಾರಿತನ. ಅಂಥ ಸುಳಿವಿಗೆ ಹತ್ತು ಉತ್ತರ ಹೊಂದುತ್ತವೆ, ಹತ್ತೂ ಸರಿ. ಇಷ್ಟನ್ನು ಒಪ್ಪಿದೆ. ಆದರೆ ಸಿನಿಮಾವನ್ನೇ ಹೊರಗಟ್ಟಿ ಎನ್ನುತ್ತೀರಲ್ಲ, ಅದನ್ನು ಒಪ್ಪಲಾರೆ. ನೀವು ಬೇಸರದಿಂದ ಹೆಸರಿಸಿದ ಪದದಿಂದಲೇ ಶುರು ಮಾಡೋಣ. 'ಕಾಂತಾರ' ಎಂದರೆ ದಟ್ಟ ಕಾಡು. ನಿಮ್ಮ ನಿಘಂಟಿನಲ್ಲಿ ಎಂದಿನಿಂದಲೂ ಇದ್ದ ಪದ. 2022ಕ್ಕೆ ಮುಂಚೆ ಅದನ್ನು ದಿನದ ಮಾತಿನಲ್ಲಿ ಆಡುತ್ತಿದ್ದವರು ಯಾರು? ಈಗ ಪ್ರೈಮರಿ ಶಾಲೆಯ ಮಕ್ಕಳ ಬಾಯಲ್ಲೂ ಇದೆ. "ದಟ್ಟ ಕಾಡು, ಕೋಲದ ಕಥೆಯ ಚಿತ್ರ (3)" ಎಂದು ಸುಳಿವು ಕೊಟ್ಟರೆ ನಿಮಗೊಂದು ಬಾಗಿಲು, ಮೊಮ್ಮಗನಿಗೊಂದು ಬಾಗಿಲು. 'ಮಯೂರ'ಕ್ಕಂತೂ ಮೂರು: ನವಿಲು, ಬನವಾಸಿಯ ಕದಂಬ ದೊರೆ, 1975ರ ರಾಜ್‌ಕುಮಾರ್ ಚಿತ್ರ. ಜೂನ್‌ನಲ್ಲಿ ರೈತ ಕಾಯುವುದೂ, 2006ರಲ್ಲಿ ಜೋಗವನ್ನು ತೆರೆಗೆ ತಂದದ್ದೂ ಒಂದೇ 'ಮುಂಗಾರು ಮಳೆ (5)'. ಹೀಗೆ ಎರಡು ಕಡೆಯಿಂದ ಹೊಗಬಹುದಾದ ಸುಳಿವು ಬರೆಯುವುದು ಕಷ್ಟದ ಕೆಲಸ. ಅದನ್ನು ಬಲ್ಲವರಿಗೆ ಸಿನಿಮಾ ದೊಡ್ಡ ಕಣಜ. ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿರುವ ಎ.ಎನ್. ಪ್ರಹ್ಲಾದ ರಾವ್ ಅವರೇ ರಾಜ್‌ಕುಮಾರ್ ಅವರ ಜೀವನಚರಿತ್ರೆಯನ್ನೂ ಬರೆದರು. ಎರಡೂ ಒಂದೇ ಲೇಖನಿಯಿಂದ ಬಂದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಈ ಜಗಳ ಹಳೆಯದು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಮೊದಲ ಪದಬಂಧ ಅಚ್ಚು ಹಾಕಿದಾಗ ಅದು ಬರೀ ಮೋಜು. 1924ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಇದನ್ನು ಕಾಲಹರಣದ ಪಾಪ ಎಂಬಂತೆ ಜರೆಯಿತು. ಅದೇ ಪತ್ರಿಕೆ 1942ರಲ್ಲಿ, ಯುದ್ಧದ ಸುದ್ದಿಗಳ ನಡುವೆ ಓದುಗರಿಗೆ ಉಸಿರಾಡಲು ಏನಾದರೂ ಬೇಕೆಂದು, ತಾನೂ ಪದಬಂಧ ಶುರು ಮಾಡಿತು. 1993ರಲ್ಲಿ ವಿಲ್ ಶಾರ್ಟ್ಸ್ ಅಲ್ಲಿನ ಪದಬಂಧ ಸಂಪಾದಕರಾಗಿ ಸಿನಿಮಾ, ಟಿ.ವಿ., ಪಾಪ್ ಹಾಡು, ಅಂಗಡಿಯ ಸರಕಿನ ಹೆಸರುಗಳನ್ನು ಧಾರಾಳವಾಗಿ ಒಳಗೆ ಬಿಟ್ಟಾಗ ಹಳೆಯ ಓದುಗರು ಬರೆದ ಪತ್ರಗಳೂ ನಿಮ್ಮ ಧಾಟಿಯವೇ. ಪದಬಂಧ ಕೆಡಲಿಲ್ಲ, ಹೊಸ ತಲೆಮಾರು ಪೆನ್ಸಿಲ್ ಹಿಡಿಯಿತು.

ಹಾಗಾದರೆ ಕೆಡುವುದು ಎಲ್ಲಿ? ಹೆಣಿಗೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕನ್ನಡದ ಕಷ್ಟ ಇಂಗ್ಲಿಷಿನವರಿಗಿಲ್ಲ. ಅವರಿಗೆ ಇರುವುದು 26 ಅಕ್ಷರ. ಅಮೆರಿಕದ ಪದಬಂಧದಲ್ಲಿ ಪ್ರತಿ ಚೌಕವೂ ಅಡ್ಡಪದಕ್ಕೂ ಸೇರಿದ್ದು, ಕೆಳಪದಕ್ಕೂ ಸೇರಿದ್ದು. ಒಂದು ಹೆಸರು ಗೊತ್ತಿಲ್ಲದಿದ್ದರೂ ಸುತ್ತಲಿನ ಪದಗಳೇ ಅದನ್ನು ಪೂರ್ತಿ ಬರೆದುಕೊಡುತ್ತವೆ. ನಮ್ಮಲ್ಲಿ ಒಂದು ಚೌಕಕ್ಕೆ ಒಂದು ಪೂರ್ಣಾಕ್ಷರ, ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. 'ಅಂಗಳ'ಕ್ಕೆ ಮೂರು ಚೌಕ, 'ಸೂರ್ಯ'ನಿಗೆ ಎರಡು, 'ಸ್ತ್ರೀ'ಗೆ ಒಂದೇ. ಎರಡು ಪದ ಸಂಧಿಸುವ ಕಡೆ 'ಕ'ಗೆ 'ಕಿ' ನಡೆಯದು. 'ನಾಗರಹಾವು' ಚಿತ್ರದಲ್ಲಿ ರಾಮಾಚಾರಿಯ ಮೇಷ್ಟ್ರಾದ 'ಚಾಮಯ್ಯ'ನನ್ನೇ ನೋಡಿ: ಚಾ, ಮ, ಯ್ಯ. 'ಚಾ' ಇರುವ ಚೌಕದಿಂದ 'ಚಾವಡಿ'ಯನ್ನು ಕೆಳಗಿಳಿಸಬಹುದು, 'ಮ'ವನ್ನು 'ಸಮಯ'ದ ನಡುವೆ ಕೂರಿಸಬಹುದು. 'ಯ್ಯ'ದಲ್ಲಿ ಒದ್ದಾಟ, 'ಒಯ್ಯಾರ' ತರೋಣವೆಂದರೆ ಅದು 'ಯ್ಯಾ'. ಹಾಗಾಗಿಯೇ ಕನ್ನಡದಲ್ಲಿ ಕಪ್ಪು ಚೌಕ ಜಾಸ್ತಿ, ನಾಲ್ಕಕ್ಷರದ ಪದಕ್ಕೆ ಒಂದೋ ಎರಡೋ ಕಡೆ ಮಾತ್ರ ಅಡ್ಡಪದದ ಆಸರೆ. ಉಳಿದ ಅಕ್ಷರಗಳನ್ನು ಸುಳಿವೇ ಕೊಡಬೇಕು. ಆದ್ದರಿಂದ ಅಪರಿಚಿತ ಹೆಸರು ಇಂಗ್ಲಿಷಿಗಿಂತ ನಮ್ಮಲ್ಲಿ ಹೆಚ್ಚು ಅಪಾಯ, ಎರಡು ಅಪರಿಚಿತ ಹೆಸರು ಒಂದೇ ಚೌಕದಲ್ಲಿ ಸಂಧಿಸಿದರಂತೂ ಬಿಡಿಸುವವನಿಗೆ ದಾರಿಯೇ ಇಲ್ಲ. 2008ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲೇ ಹೀಗಾಯಿತು: ಬಾಸ್ಟನ್ ಮ್ಯಾರಥಾನ್ ಹಾದುಹೋಗುವ ನೇಟಿಕ್ ಎಂಬ ಊರೂ, ಎನ್.ಸಿ. ವೈಯತ್ ಎಂಬ ಚಿತ್ರಕಾರನ ಹೆಸರೂ 'ಎನ್' ಅಕ್ಷರದಲ್ಲಿ ಸೇರಿದವು. ಎರಡೂ ಗೊತ್ತಿಲ್ಲದವರು ಊಹಿಸುವಂತಿರಲಿಲ್ಲ. ಅಂದಿನಿಂದ ಇಂಥ ಅನ್ಯಾಯದ ಸಂಧಿಗೆ ಅಲ್ಲಿ 'ನೇಟಿಕ್' ಎಂದೇ ಹೆಸರು. ತಪ್ಪು ಊರಿನದೂ ಅಲ್ಲ, ಚಿತ್ರಕಾರನದೂ ಅಲ್ಲ, ಹೆಣೆದವರದು.

ಈಗ ನಿಮ್ಮ ಪದಬಂಧಕ್ಕೆ ಬರುತ್ತೇನೆ. ಬಲಗಡೆಯ ಕೆಳಮೂಲೆ ನೋಡಿ ಸಂತೋಷವಾಯಿತು. ಅಡ್ಡಕ್ಕೆ "ನೀರು (2)", ಕೆಳಕ್ಕೆ "ಆನೆ (2)", ಎರಡರ ಕೊನೆಯಕ್ಷರ ಒಂದೇ. ಆನೆಗೆ ಗಜ, ಕರಿ, ದಂತಿ, ಹಸ್ತಿ, ಇಭ. ನೀರಿಗೆ ಜಲ, ವಾರಿ, ತೋಯ. ಪಟ್ಟಿ ಎಷ್ಟು ದೊಡ್ಡದಿದ್ದರೂ ಕೊನೆಗೆ ಕೂಡುವುದು ವಾರಿ ಮತ್ತು ಕರಿ ಮಾತ್ರ. ಇದು ಮೇಷ್ಟ್ರ ಕೈ. ಆದರೆ ಎಡಗಡೆ "ಹಾವು (3)" ಎಂದಿದ್ದೀರಿ, ಅದಕ್ಕೆ ಅಡ್ಡಪದ ಹಾಯುವುದು ಕೊನೆಯ 'ಗ'ದಲ್ಲಿ ಮಾತ್ರ. ಉರಗ, ಭುಜಗ, ಭುಜಂಗ, ಪನ್ನಗ – ನಾಲ್ಕೂ ಮೂರಕ್ಷರ, ನಾಲ್ಕಕ್ಕೂ ಕೊನೆ 'ಗ'. ಉತ್ತರಪಟ್ಟಿ ನೋಡದೆ ನಿಮ್ಮ ಮನಸ್ಸಿನಲ್ಲಿದ್ದದ್ದು 'ಉರಗ' ಎಂದು ಯಾರೂ ಹೇಳಲಾರರು. ನಿಘಂಟಿನ ಪದ ಎಂದ ಮಾತ್ರಕ್ಕೆ ಸುಳಿವು ನ್ಯಾಯವಾಗಿಬಿಡುವುದಿಲ್ಲ, ಮೇಷ್ಟ್ರೇ. ನೀವು ದೂರಿದ "ಖ್ಯಾತ ನಟಿ"ಗೂ ಈ "ಹಾವು"ಗೂ ಇರುವ ರೋಗ ಒಂದೇ.

ಮೊಮ್ಮಗ ಫೋನು ನೋಡುವ ವಿಚಾರ. ಸಿನಿಮಾ ಹೆಸರನ್ನು ಹುಡುಕಿ ಬರೆದರೆ ಅಲ್ಲಿಗೆ ಮುಗಿಯಿತು, ಅದರಲ್ಲಿ ರುಚಿಯಿಲ್ಲ. ಪದದ ಅರ್ಥ ನೋಡಲಿ, ತಡೆಯಬೇಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ಇಂದು ಅದೇ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಮೊದಲು ಫೋನಿಲ್ಲದೆ ಒಂದು ಸುತ್ತು ಹಾಕುವುದನ್ನು ಕಲಿಸಿ. ಒಂದನೆಯ ಸುಳಿವಿನಿಂದ ಸಾಲಾಗಿ ಹೋಗಬಾರದು. ಗಾದೆ, ವಚನ, ಹಾಡಿನ ಸಾಲು ಬಿಟ್ಟಸ್ಥಳ ತುಂಬುವ ಸುಳಿವುಗಳನ್ನು ಮೊದಲು ಮುಗಿಸಬೇಕು, ಅವಕ್ಕೆ ಒಂದೇ ಉತ್ತರ. ಆಮೇಲೆ ಐದಕ್ಷರಕ್ಕೆ ಮೇಲ್ಪಟ್ಟ ಪದಗಳು. ಪದ ಉದ್ದವಾದಷ್ಟೂ ಸಮಾನಾರ್ಥಕ ಕಡಿಮೆ. ಎರಡಕ್ಷರದವನ್ನು ಕೊನೆಗೆ ಇಟ್ಟುಕೊಳ್ಳಬೇಕು, ಮೊದಲೇ ತುಂಬಿದರೆ 'ಗಜ' ಬರೆದು 'ಕರಿ' ಮಾಡಲು ರಬ್ಬರು ಹುಡುಕಬೇಕಾಗುತ್ತದೆ. ಸುಳಿವಿನ ವ್ಯಾಕರಣವನ್ನು ನೋಡಲಿ: ಸುಳಿವು ಬಹುವಚನವಾಗಿದ್ದರೆ ಕೊನೆಯ ಚೌಕದಲ್ಲಿ 'ಳು' ಅಥವಾ 'ರು' ಇರುವ ಸಂಭವ ಹೆಚ್ಚು, 'ಮಾಡುವುದು' ಎಂಬ ರೂಪದಲ್ಲಿದ್ದರೆ ಕೊನೆಗೆ 'ದು'. 'ಚದುರಿದೆ', 'ತಿರುವುಮುರುವು' ಎಂದಿದ್ದರೆ ಉತ್ತರದ ಅಕ್ಷರಗಳು ಸುಳಿವಿನಲ್ಲೇ ಕಲಸಿಕೊಂಡಿವೆ ಎಂದರ್ಥ, ಅವನ್ನು ಪಕ್ಕದಲ್ಲಿ ವೃತ್ತಾಕಾರವಾಗಿ ಬರೆದುಕೊಳ್ಳಲಿ. ಸಾಲಾಗಿ ಬರೆದರೆ ಕಣ್ಣು ಹಳೆಯ ಕ್ರಮವನ್ನೇ ಓದುತ್ತಿರುತ್ತದೆ.

ಬೀದಿಯ ಮಾತಿನ ಬಗ್ಗೆಯೂ ನಿಮಗೆ ಅಸಮಾಧಾನವಿರಬಹುದು. ಅಲ್ಲೂ ಭಾಷೆ ತನ್ನ ಕೆಲಸ ಮಾಡಿಕೊಂಡಿದೆ. 'ಬಸ್' ಎಂದು ಬರೆದರೆ 'ಸ್'ಗೆ ಒಂದು ಚೌಕ ವ್ಯರ್ಥ, ಅದಕ್ಕೆ ಅಡ್ಡಪದ ಹಾಯಿಸುವುದು ಬಹಳ ಕಷ್ಟ. ಜನ ಆಡುವಂತೆ 'ಬಸ್ಸು', 'ಕಾರು', 'ಪೆನ್ನು' ಎಂದರೆ ಸಲೀಸಾಗಿ ಕೂರುತ್ತವೆ. ಒಗ್ಗರಣೆ, ಸೌಟು, ಕೂರಿಗೆ, ನೊಗ, ಪಡಸಾಲೆ ಇವೆಲ್ಲ ಪದಬಂಧಕ್ಕೆ ಹೇಳಿ ಮಾಡಿಸಿದ ಪದಗಳು. ಇವನ್ನು ಬಿಟ್ಟು ಇಭ, ಖಗ, ತೋಯಗಳನ್ನೇ ವಾರವಾರವೂ ತಿರುಗಿಸುವುದು ಯಾವ ಭಾಷಾಸೇವೆ? ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದವರು. ಅವರೇ 'ಇಗೋ ಕನ್ನಡ' ಅಂಕಣದಲ್ಲಿ ದಿನಪತ್ರಿಕೆಯ ಓದುಗರು ಕೇಳಿದ ದಿನಬಳಕೆಯ ಪದಗಳಿಗೂ ಅಷ್ಟೇ ಶ್ರದ್ಧೆಯಿಂದ ಉತ್ತರ ಬರೆದರು. ಆ ಔದಾರ್ಯ ನಮ್ಮ ಪತ್ರಿಕಾಲೋಕದಲ್ಲಿ ಕಡಿಮೆಯಾಗುತ್ತಿದೆ ಎಂಬುದೇ ನನ್ನ ಸಂಕಟ. ಇಂದು ಪದಬಂಧವೆಂದರೆ ಪುಟ ತುಂಬಿಸುವ ಸರಕು. ಜಾಹೀರಾತು ಬಂದರೆ ಮೊದಲು ಕುಗ್ಗುವುದು ಅದೇ. ಕಾಗುಣಿತ ಬರೆಯಲು ಇಂಗ್ಲಿಷಿಗಿಂತ ದೊಡ್ಡ ಚೌಕ ಬೇಕು, ಕೊಡುವುದು ಚಿಕ್ಕದು. 'ಷ್ಟ್ರು' ಬರೆದರೆ ಒತ್ತು ಪಕ್ಕದ ಮನೆಗೆ ಇಳಿಯುತ್ತದೆ. ಹಳೆಯ ಪದಬಂಧವನ್ನೇ ಸಂಖ್ಯೆ ಬದಲಿಸಿ ಮತ್ತೆ ಹಾಕುವವರಿದ್ದಾರೆ. ಎಷ್ಟೋ ಕಡೆ ರಚಿಸಿದವರ ಹೆಸರೇ ಇರುವುದಿಲ್ಲ. ಶಾರ್ಟ್ಸ್ ಬಂದ ಮೇಲೆ ನ್ಯೂಯಾರ್ಕಿನಲ್ಲಿ ದಿನದ ಪದಬಂಧಕ್ಕೂ ರಚನಕಾರರ ಹೆಸರು ಬೀಳತೊಡಗಿತು. ನಾಲ್ಕು ಸಾಲಿನ ಹನಿಗವನಕ್ಕೆ ಹೆಸರು ಹಾಕುವ ನಾವು, ಇಷ್ಟೊಂದು ಪದಗಳನ್ನು ಒಂದಕ್ಕೊಂದು ಹೆಣೆದವರಿಗೆ ಹಾಕುವುದಿಲ್ಲ. ಹೆಸರಿಲ್ಲದ ಕಡೆ ಹೊಣೆಯೂ ಇರುವುದಿಲ್ಲ. "ಖ್ಯಾತ ನಟಿ (3)" ಹುಟ್ಟುವುದು ಅಂಥ ಜಾಗದಲ್ಲಿ. ನಿಮ್ಮ ಸಿಟ್ಟು ಸರಿಯಾದದ್ದೇ, ಅದನ್ನು ಸಿನಿಮಾದ ಮೇಲಲ್ಲ, ನಮ್ಮಂಥ ಸಂಪಾದಕರ ಮೇಲೆ ತಿರುಗಿಸಿ.

ನಿಮ್ಮ ಪದಬಂಧವನ್ನು ನಿಮ್ಮ ಹೆಸರಿನಲ್ಲೇ ಪ್ರಕಟಿಸುತ್ತೇವೆ, ದೊಡ್ಡ ಚೌಕದಲ್ಲಿ. ಅದಕ್ಕೆ ಮುಂಚೆ ಹಾವಿನ ಸುಳಿವನ್ನು ತಿದ್ದಿಕೊಡಿ: "ಎದೆಯೂರಿ ಹರಿಯುವುದು (3)" ಎಂದರೆ 'ಉರಗ' ಒಂದೇ ಉಳಿಯುತ್ತದೆ, ಇಲ್ಲವೇ ಅಡ್ಡಪದವನ್ನು ಮೊದಲಕ್ಷರಕ್ಕೆ ಸರಿಸಿ. ಎಲ್ಲಾದರೂ ಒಂದು ಕಡೆ 'ಮಯೂರ' ಕೂರಿಸಲು ಸಾಧ್ಯವೇ ನೋಡಿ. ಆಮೇಲೆ ಉತ್ತರಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು, ಬರಿಯ ಚೌಕಗಳನ್ನು ಮೊಮ್ಮಗನ ಕೈಗೆ ಕೊಡಿ. ಅವನು ಎಲ್ಲೆಲ್ಲಿ ನಿಂತನೋ ಅಲ್ಲಿಗೆ ಕೆಂಪು ಗುರುತು ಹಾಕಿ, ಆ ಪ್ರತಿಯನ್ನೂ ಜೊತೆಗೆ ಕಳಿಸಿ.